ಇಕ್ಕಳರಾಯರ ಕಿತ್ತಳೆ ಶಾಲು

ಒಂದು ಕಾಡಿನಲ್ಲಿ ಒಂದು ಏಡಿ ಇತ್ತು.

ಕಾಡಿನಲ್ಲಿ ಏಡಿಗೇನು ಕೆಲಸ ಎಂದು ಕೇಳಬೇಡಿ. ಇದು ಹುಲಿ, ಕರಡಿಗಳ ಕಾಡಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ, ಉಪ್ಪುನೀರಿಗೇ ಬೇರು ಇಳಿಸಿ ನಿಂತ ಕಾಂಡ್ಲಾ ಕಾಡು. ಉಬ್ಬರ ಬಂದರೆ ಅಲ್ಲಿ ಅರ್ಧ ಮರ ಮುಳುಗುತ್ತಿತ್ತು. ಇಳಿತವಾದರೆ ಬೇರು, ಕೆಸರು, ಬಂಡೆ ಎಲ್ಲ ಹೊರಗೆ ಕಾಣುತ್ತಿದ್ದವು. ಹುಲಿ ಇಲ್ಲದ ಆ ಕಾಡಿನಲ್ಲಿ ಏಡಿಯೇ ದೊಡ್ಡ ಮನುಷ್ಯ.

ಏಡಿಯ ಹೆಸರು ಇಕ್ಕಳ. ಅಳಿವೆಯ ಕಾವಲುಗಾರನ ಕೆಲಸ ಸಿಕ್ಕಿದ ದಿನವೇ ಅವನು ಹೆಸರಿಗೆ ‘ರಾಯ’ ಎಂದು ಸೇರಿಸಿಕೊಂಡ. ಯಾರೂ ಕೊಟ್ಟ ಬಿರುದಲ್ಲ, ತಾನೇ ತೆಗೆದುಕೊಂಡದ್ದು. ಆಮೇಲೆ ಬರೀ ಇಕ್ಕಳ ಎಂದು ಕರೆದವರಿಗೆ ಕೊಂಡಿ ಎತ್ತಿ ತೋರಿಸುತ್ತಿದ್ದ. ನಾವೂ ರಾಯರು ಎಂದೇ ಕರೆಯೋಣ. ಅಷ್ಟರಲ್ಲೇ ಖುಷಿಯಾಗುವವರನ್ನು ಯಾಕೆ ಬೇಸರಪಡಿಸಬೇಕು?

ಆ ಅಳಿವೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಯಾರೂ ನೋಡದ ಹೊಸ ಜೀವಿ ಎಲ್ಲಾದರೂ ಕಂಡರೆ, ಕಂಡವರು ಕಾವಲುಗಾರನಿಗೆ ಹೇಳಬೇಕು. ಕಾವಲುಗಾರ ಹೋಗಿ ನೋಡಿ ಟಿಟ್ಟಿಭ ಹಕ್ಕಿಗೆ ಅಪ್ಪಣೆ ಕೊಡಬೇಕು. ಟಿಟ್ಟಿಭ ಹೊಳೆಯುದ್ದಕ್ಕೂ ಕೂಗುತ್ತ ಹಾರಬೇಕು. ಆ ಕೂಗು ಕೇಳಿ ಮೇಲಿನ ಸಿಹಿನೀರಿನಿಂದ ನೀರುನಾಯಿ ದೊಡ್ಡಮ್ಮ ಇಳಿದು ಬರುತ್ತಿದ್ದಳು. ಬಂದ ಜೀವಿ ಅಳಿವೆಗೆ ಹೊಂದುತ್ತದೋ ಇಲ್ಲವೋ ಎಂದು ಮುಟ್ಟಿ, ಮೂಸಿ ಹೇಳುತ್ತಿದ್ದಳು. ಹೊಂದದಿದ್ದರೆ ಕೈಯಂಥ ತನ್ನ ಮುಂಗಾಲುಗಳಿಂದ ಎತ್ತಿ ಹೊರಗೆ ಹಾಕುತ್ತಿದ್ದಳು. ಹೀಗೆ ಕರೆಸಿಕೊಂಡು ಬಂದಾಗ ಅವಳು ಅಳಿವೆಯ ಯಾರನ್ನೂ ತಿನ್ನುವಂತಿರಲಿಲ್ಲ. ಅದೂ ಕಟ್ಟಳೆಯೇ.

ಈ ಕೊನೆಯ ಕಟ್ಟಳೆಯ ಮೇಲೆ ಮಾತ್ರ ರಾಯರಿಗೆ ನಂಬಿಕೆ ಇರಲಿಲ್ಲ. ನೀರುನಾಯಿಗೆ ಏಡಿ ಎಂದರೆ ಪ್ರಾಣ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ತಮ್ಮ ಕಾವಲಿನಲ್ಲಿ ಹೊಸಬರು ಯಾರೂ ಬಂದೇ ಇಲ್ಲ ಎಂದು ಸಾಧಿಸುವುದೇ ಅವರ ಕೆಲಸವಾಯಿತು. ಇಡೀ ದಿನ ಎತ್ತರದ ಬೇರಿನ ಮೇಲೆ ಕೂತು ಎರಡೂ ಕೊಂಡಿಗಳನ್ನು ಮೇಲೆತ್ತಿಕೊಂಡಿರುತ್ತಿದ್ದರು. ನೋಡಿದವರು ಆಹಾ, ಎಂಥ ಕಾವಲು ಎನ್ನುತ್ತಿದ್ದರು. ರಾಯರು ಬಿಸಿಲಿಗೆ ಬೆನ್ನು ಒಡ್ಡಿಕೊಂಡು ತೂಕಡಿಸುತ್ತಿದ್ದರು, ಅಷ್ಟೆ.

ಆ ಬೇರಿನ ಪಕ್ಕದಲ್ಲೇ ಒಂದು ದೊಡ್ಡ ಬಂಡೆ ಇತ್ತು. ಬಂಡೆಯ ತುಂಬ ನೀಲಿಕಲ್ಲುಗಳು, ಅಂದರೆ ಹಸಿರು ನೀಲಿ ಚಿಪ್ಪಿನ ಜೀವಿಗಳು, ಅಂಟಿಕೊಂಡು ಬದುಕುತ್ತಿದ್ದವು. ಅವುಗಳಲ್ಲಿ ಹಿರಿಯಳು ನೀಲಕ್ಕ. ಬಂಡೆಯ ಕೆಳಮಗ್ಗುಲಿನಲ್ಲಿ, ನೆರಳಿನಲ್ಲಿ, ಕಡಲೆಕಾಳಿನಷ್ಟು ಪುಟ್ಟ ಮರಿಗಳು ಸಾಲುಸಾಲಾಗಿ ಇದ್ದವು. ನೀರು ಬಂದಾಗ ಚಿಪ್ಪು ತೆರೆದು ಒಂದಿಷ್ಟು ನೀರು ಹೀರಿಕೊಳ್ಳುವುದು, ನೀರು ಹೋದಾಗ ಮುಚ್ಚಿಕೊಳ್ಳುವುದು, ಇದೇ ಅವುಗಳ ಬದುಕು. ಚಿಪ್ಪು ತೆರೆಯಲು ಆಗದಿದ್ದರೆ ನೀಲಿಕಲ್ಲಿಗೆ ಉಸಿರೂ ಇಲ್ಲ, ಊಟವೂ ಇಲ್ಲ. ಎದ್ದು ಬೇರೆ ಕಡೆ ಹೋಗೋಣವೆಂದರೆ ಕಾಲಿಗೆ ಆ ಶಕ್ತಿ ಇಲ್ಲ.

ಒಮ್ಮೆ ಹೊರಗಡಲಿನಲ್ಲಿ ಗಾಳಿ ಎದ್ದಿತು. ದೂರದೇಶದ ಹಡಗೊಂದು ಅಳಿವೆಯ ಬಾಯಿಗೆ ಬಂದು ಲಂಗರು ಹಾಕಿ ನಿಂತಿತು. ಗಾಳಿ ಇಳಿದ ಮೇಲೆ ಹೊರಟುಹೋಯಿತು. ಆದರೆ ಅದರ ತಳಕ್ಕೆ ಅಂಟಿಕೊಂಡು ಬಂದಿದ್ದ ಒಂದು ಜೀವಿಯ ಮರಿ ಮಾತ್ರ ಹೋಗಲಿಲ್ಲ.

ಹಡಗಿನವರು ಅದನ್ನು ಸೀ ಸ್ಕ್ವರ್ಟ್ ಎನ್ನುತ್ತಾರಂತೆ. ಅಳಿವೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಆಮೇಲೆ ಎಲ್ಲರೂ ಚಿಮ್ಮುಚೀಲ ಎಂದು ಕರೆದರು. ಅದರ ಚರಿತ್ರೆ ಕೇಳಿದರೆ ನಗು ಬರುತ್ತದೆ. ಮರಿಯಾಗಿದ್ದಾಗ ಅದಕ್ಕೆ ಬಾಲ ಇರುತ್ತದೆ, ಈಜುತ್ತದೆ, ತಲೆಯಲ್ಲಿ ಚಿಟಿಕೆಯಷ್ಟು ಮಿದುಳೂ ಇರುತ್ತದೆ. ಕೂರಲು ಒಂದು ಜಾಗ ಸಿಕ್ಕಿತೋ, ಮುಗಿಯಿತು. ಬಾಲವನ್ನೂ ಕರಗಿಸಿಕೊಳ್ಳುತ್ತದೆ, ಮಿದುಳನ್ನೂ ಕರಗಿಸಿಕೊಳ್ಳುತ್ತದೆ. ಇನ್ನು ಅವೆರಡರ ಅಗತ್ಯವಿಲ್ಲ ಎಂದು ಅದರ ಲೆಕ್ಕ. ಜಾಗ ಸಿಕ್ಕಿದ ಮೇಲೆ ಹೀಗಾಗುವವರು ಕಡಲಿನ ಹೊರಗೂ ಇದ್ದಾರೆ ಎನ್ನಿ.

ಚಿಮ್ಮುಚೀಲದ ಮರಿ ನೀಲಕ್ಕನ ಬಂಡೆಯ ಮೂಲೆಯಲ್ಲಿ ಕೂತಿತು. ಒಂದು ಎರಡಾಯಿತು, ಎರಡು ಒಂದು ಹಿಡಿಯಾಯಿತು. ಕಿತ್ತಳೆ ಬಣ್ಣ, ಮೇಲೆ ಬಿಳಿ ಚುಕ್ಕಿ. ಕಾವಲಿಯ ಮೇಲೆ ದೋಸೆಹಿಟ್ಟು ಹರಡಿದ ಹಾಗೆ ಬಂಡೆಯ ಮೇಲೆ ಹರಡಿತು. ಅದು ಎಂದೂ ‘ನಾನು’ ಎನ್ನುತ್ತಿರಲಿಲ್ಲ, ‘ನಾವು’ ಎನ್ನುತ್ತಿತ್ತು. ತಾನು ಎಷ್ಟು ಜನ ಎಂದು ಅದಕ್ಕೇ ಗೊತ್ತಿರಲಿಲ್ಲ.

ಬಂಡೆಯ ಮೇಲ್ಭಾಗದಲ್ಲಿದ್ದ ಕಲ್ವಾಗಳಿಗೆ, ಅಂದರೆ ಒರಟು ಚಿಪ್ಪಿನ ಸಿಂಪಿಗಳಿಗೆ, ಅದನ್ನು ನೋಡಿ ಸಂತೋಷವೋ ಸಂತೋಷ.

“ಅಯ್ಯೋ, ಎಂಥ ಚಂದ! ನಮ್ಮ ಬಂಡೆಗೆ ಹೂವು ಬಂತು ಮಾರಾಯ್ತಿ!” ಎಂದಳು ಒಬ್ಬಳು.

“ಹೂವಲ್ಲ, ಸ್ಪಂಜು. ನನಗೆ ಗೊತ್ತಿಲ್ವಾ?” ಎಂದಳು ಇನ್ನೊಬ್ಬಳು. ಅವಳಿಗೆ ಗೊತ್ತಿರಲಿಲ್ಲ.

ನೀಲಕ್ಕ ಚಿಪ್ಪಿನೊಳಗಿಂದ ನಾಲಗೆಯಂಥ ತನ್ನ ಕಾಲನ್ನು ಹೊರಚಾಚಿ ಮೆಲ್ಲಗೆ ಮುಟ್ಟಿ ನೋಡಿದಳು. ಸ್ಪಂಜಾದರೆ ಒರಟಾಗಿರಬೇಕಿತ್ತು. ಇದು ಲೋಳೆಯಂತೆ ನುಣುಪಾಗಿತ್ತು. ಹೂವಾದರೆ ಎಸಳು ಇರಬೇಕಿತ್ತು. ಇದರ ಮೈಯೆಲ್ಲ ಬರೀ ತೂತು. ಕೆಲವು ತೂತುಗಳಿಂದ ನೀರು ಒಳಗೆ ಹೋಗುತ್ತಿತ್ತು, ಕೆಲವು ತೂತುಗಳಿಂದ ಹೊರಗೆ ಬರುತ್ತಿತ್ತು. ನೀಲಕ್ಕ ತುಸು ಒತ್ತಿದಳು. ಪಿಚಕ್ ಎಂದು ನೀರು ಚಿಮ್ಮಿತು.

“ಯಾರು ನೀನು? ಎಲ್ಲಿಂದ ಬಂದೆ?” ಎಂದು ಕೇಳಿದಳು.

“ನಾವು ನೆಂಟರು. ಒಂದು ಚೂರು ಜಾಗ ಸಾಕು ನಮಗೆ. ನಿಮ್ಮ ಪಾಡಿಗೆ ನೀವಿರಿ, ನಮ್ಮ ಪಾಡಿಗೆ ನಾವು” ಎಂದಿತು ಚಿಮ್ಮುಚೀಲ.

ಮಾತು ಮುಗಿಯುವಷ್ಟರಲ್ಲಿ ಅದರ ಅಂಚು ಪಕ್ಕದ ಮರಿಯೊಂದರ ಚಿಪ್ಪಿನ ಮೇಲೆ ಹತ್ತಿತ್ತು. ಮರಿ ಬಾಯಿ ತೆರೆಯಲು ನೋಡಿತು. ಆಗಲಿಲ್ಲ.

ನೀಲಕ್ಕ ಬೇರಿನ ಮೇಲಿದ್ದ ಕಾವಲುಗಾರರನ್ನು ಜೋರಾಗಿ ಕೂಗಿದಳು.

“ರಾಯರೇ! ಸ್ವಲ್ಪ ಬನ್ನಿ! ಹೊಸದೊಂದು ಜೀವಿ ಬಂದಿದೆ!”

ರಾಯರು ಒಂದು ಕಣ್ಣು ತೆರೆದರು. “ನನ್ನ ಕಾವಲಿನಲ್ಲಾ? ಸಾಧ್ಯವೇ ಇಲ್ಲ” ಎಂದರು. ಕಣ್ಣು ಮುಚ್ಚಿದರು. ನೀಲಕ್ಕ ಬಿಡದೆ ಕೂಗಿದಾಗ ಅಡ್ಡಡ್ಡ ನಡೆಯುತ್ತ, ಗೊಣಗುತ್ತ ಬಂದರು.

ಚಿಮ್ಮುಚೀಲಕ್ಕೆ ಮಿದುಳು ಇಲ್ಲದಿದ್ದರೂ ಯಾರಿಗೆ ಯಾವ ಮಾತು ರುಚಿ ಎಂಬುದು ತಿಳಿಯುತ್ತಿತ್ತು. ಹೊಗಳುವುದಕ್ಕೆ ಮಿದುಳು ಬೇಕು ಎಂದು ಯಾರು ಹೇಳಿದರು?

“ಅಬ್ಬಾ! ಇವರೇನಾ ಇಕ್ಕಳರಾಯರು? ಏಳು ಕಡಲಿನಲ್ಲೂ ನಿಮ್ಮದೇ ಮಾತು” ಎಂದಿತು.

“ಹೌದಾ?” ಎಂದರು ರಾಯರು. ಗೊಣಗಾಟ ನಿಂತಿತು.

“ಆದರೆ ಒಂದು ವಿಷಯ ನೋಡಿ ಬೇಜಾರಾಯಿತು ನಮಗೆ. ಇಷ್ಟು ದೊಡ್ಡವರು, ಬೆನ್ನು ಬರಿದಾಗಿದೆ. ಈ ಅಳಿವೆಯಲ್ಲಿ ನಿಮಗೆ ಒಂದು ಶಾಲು ಹೊದಿಸುವವರೂ ಇಲ್ಲವೇ?”

ರಾಯರು ತಿರುಗಿ ಕಲ್ವಾಗಳನ್ನು ನೋಡಿದರು. ಕಲ್ವಾಗಳು ತಲೆ ತಗ್ಗಿಸಿದವು. ಇಷ್ಟು ದಿನ ಇದು ತಮಗೆ ಹೊಳೆಯಲೇ ಇಲ್ಲವಲ್ಲ ಎಂದು ಅವುಗಳಿಗೆ ನಾಚಿಕೆಯಾಯಿತು.

“ಹತ್ತಿರ ಬನ್ನಿ ರಾಯರೇ. ನಮ್ಮ ಮೈಯನ್ನೇ ಒಂದಿಷ್ಟು ಕೊಡುತ್ತೇವೆ” ಎಂದಿತು ಚಿಮ್ಮುಚೀಲ.

ರಾಯರು ಹತ್ತಿರ ಹೋಗಿ ಬೆನ್ನು ಕೊಟ್ಟರು. ಬಂಡೆಯಿಂದ ಕಿತ್ತಳೆ ಬಣ್ಣದ ಒಂದು ತುಂಡು ಅವರ ಚಿಪ್ಪಿಗೆ ಅಂಟಿತು. ಮೇಲೆ ಬಿಳಿ ಚುಕ್ಕಿ ಮಿನುಗಿದವು. ಕಲ್ವಾಗಳು ಚಿಪ್ಪು ಬಡಿದು ಚಪ್ಪಾಳೆ ಹೊಡೆದವು. ರಾಯರು ಹಾಗೆ ತಿರುಗಿ, ಹೀಗೆ ತಿರುಗಿ, ನೀರಿನಲ್ಲಿ ತಮ್ಮ ನೆರಳು ನೋಡಿಕೊಂಡರು.

“ರಾಯರೇ, ಮರಿಯ ಬಾಯಿ ಮುಚ್ಚಿಹೋಗಿದೆ. ಮೊದಲು ಅದನ್ನು ನೋಡಿ” ಎಂದಳು ನೀಲಕ್ಕ.

“ನಿನ್ನದು ಬರೀ ಹೊಟ್ಟೆಕಿಚ್ಚು ನೀಲಕ್ಕ. ಶಾಲು ನಿನಗೆ ಸಿಗಲಿಲ್ಲ ಅಂತ ಅಲ್ವಾ?”

“ನನಗೆ ಶಾಲು ಕಟ್ಟಿಕೊಂಡು ಎಂಥ ಆಗ್ಬೇಕು? ಟಿಟ್ಟಿಭನಿಗೆ ಅಪ್ಪಣೆ ಕೊಡಿ. ದೊಡ್ಡಮ್ಮ ಬಂದು ನೋಡ್ಲಿ.”

ದೊಡ್ಡಮ್ಮ ಎಂದದ್ದೇ ರಾಯರ ಎಂಟೂ ಕಾಲು ನಡುಗಿದವು. ನಡುಕ ಕಾಣದಿರಲಿ ಎಂದು ಜೋರಾಗಿ ಸಾರಿದರು: “ಕೇಳಿ ಎಲ್ಲರೂ! ಇದು ಹೊಸ ಜೀವಿ ಅಲ್ಲ, ನಮ್ಮ ಹಳೇ ಸ್ಪಂಜೇ. ನಾನು ನೋಡಿದ್ದೇನೆ. ಇನ್ನು ಮುಂದೆ ನನ್ನ ಬಾಯಿಂದ ಅಪ್ಪಣೆ ಬರದೆ ಟಿಟ್ಟಿಭ ಕೂಗಬಾರದು. ಕೂಗಿದರೆ ಅವನಿಗೆ ಈ ಅಳಿವೆಯಲ್ಲಿ ಜಾಗ ಇಲ್ಲ!”

ಮರುದಿನ ಇಳಿತದಲ್ಲಿ ಟಿಟ್ಟಿಭ ಬಂಡೆಯ ಮೇಲೆ ಬಂದು ಕೂತ. ಉದ್ದ ಕಾಲು, ಗಟ್ಟಿ ಗಂಟಲು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವನು. ಹೇಳದ ಕೆಲಸವನ್ನು ಪ್ರಾಣ ಹೋದರೂ ಮಾಡುವವನಲ್ಲ. ಅಂಥವರನ್ನು ಕಂಡರೆ ರಾಯರಿಗೆ ತುಂಬ ಇಷ್ಟ.

“ಟಿಟ್ಟಿಭ, ನೋಡೋ ಇಲ್ಲಿ. ನನ್ನ ಮರಿಗಳು ಒಂದೊಂದಾಗಿ ಮುಚ್ಚಿಹೋಗ್ತಿವೆ. ಒಂದು ಸಲ ಕೂಗಿಬಿಡೋ” ಎಂದು ನೀಲಕ್ಕ ಬೇಡಿಕೊಂಡಳು.

ಟಿಟ್ಟಿಭ ಬಗ್ಗಿ ನೋಡಿದ. ಕಿತ್ತಳೆ ಹರವಿನ ಅಡಿಯಲ್ಲಿ ಪುಟ್ಟ ಪುಟ್ಟ ಉಬ್ಬುಗಳು ಕಂಡವು. ಅವನಿಗೂ ಪಾಪ ಎನ್ನಿಸಿತು.

“ಕಾಣ್ತದೆ ನೀಲಕ್ಕ. ಆದರೆ ರಾಯರ ಬಾಯಿಂದ ಅಪ್ಪಣೆ ಬರ್ಬೇಕಲ್ಲ” ಎಂದ.

“ಕಣ್ಣೆದುರಿಗೇ ಸಾಯ್ತಿವೆ ಅಲ್ವೋ!”

“ಅಪ್ಪಣೆ ಬಂದ ಕೂಡಲೇ ಕೂಗ್ತೇನೆ. ಗಂಟಲು ರೆಡಿ ಇಟ್ಟುಕೊಂಡಿದ್ದೇನೆ” ಎಂದು ಹೇಳಿ ಹಾರಿಹೋದ. ಅವನ ಗಂಟಲು ರೆಡಿ ಇದ್ದು ಯಾರಿಗೆ ಏನು ಬಂತು?

ಹೀಗೆ ದಿನ ಕಳೆದವು. ಚಿಮ್ಮುಚೀಲ ಬಂಡೆಯ ಕಾಲುಭಾಗ ತುಂಬಿತು. ಒಂದು ಬೆಳಿಗ್ಗೆ ಮೇಲಿನಿಂದ ಈಜಿ ಬಂದ ಮೀನುಗಳು ಒಂದು ಸುದ್ದಿ ತಂದವು. ನೀರುನಾಯಿ ದೊಡ್ಡಮ್ಮ ಮೀನಿನ ಹಿಂದೆ ಬಿದ್ದು ಕೆಳಗಿನ ತಿರುವಿನವರೆಗೆ ಬಂದಿದ್ದಾಳಂತೆ, ಇವತ್ತೋ ನಾಳೆಯೋ ಅಳಿವೆಗೂ ಇಳಿಯಬಹುದಂತೆ.

ರಾಯರಿಗೆ ಬೆವರುವ ಸೌಲಭ್ಯವಿದ್ದರೆ ಬೆವರುತ್ತಿದ್ದರು. ದೊಡ್ಡಮ್ಮ ಬಂದು ಬಂಡೆ ನೋಡಿದರೆ ಕಾವಲಿನ ಬಣ್ಣ ಬಯಲಾಗುತ್ತಿತ್ತು. ಕರೆಸಿಕೊಳ್ಳದೆ ತಾನಾಗಿ ಬಂದವಳು ಕಟ್ಟಳೆಗೂ ಸಿಗುವುದಿಲ್ಲ. ನೋಡಿದ ಕೂಡಲೇ ತಿನ್ನಲೂಬಹುದು. ರಾಯರು ಓಡೋಡಿ ಬಂಡೆಗೆ ಬಂದರು. ಎರಡೂ ಕೊಂಡಿಗಳಿಂದ ಚಿಮ್ಮುಚೀಲವನ್ನು ಹರಿಯತೊಡಗಿದರು.

“ರಾಯರೇ, ಹರಿಯಬೇಡಿ! ಅದನ್ನು ಹರಿದು ನೀರಿಗೆ ಹಾಕ್ಬೇಡಿ!” ನೀಲಕ್ಕ ಕಿರುಚಿದಳು. “ಒಂದು ತುಂಡು ನಿಮ್ಮ ಬೆನ್ನಿನ ಮೇಲೆ ಕೂತು ಬೆಳೀತಿರೋದು ಕಾಣೋದಿಲ್ವಾ? ಹರಿದ ತುಂಡೆಲ್ಲ ಹಾಗೇ ಬೆಳೀತದೆ!”

“ಮೊದಲು ತೆಗೀರಿ ಅಂತ ನೀನೇ ಕೂಗ್ತಿದ್ದೆ. ಈಗ ತೆಗೆದರೆ ತೆಗೀಬೇಡಿ ಅಂತೀ. ಹೆಂಗಸರ ಬುದ್ಧಿ!” ಎಂದರು ರಾಯರು.

ಹರಿದರು, ಎಸೆದರು. ಹರಿದರು, ಎಸೆದರು. ಕಿತ್ತಳೆ ಚೂರುಗಳು ಇಳಿತದ ನೀರಿನಲ್ಲಿ ತೇಲಿಕೊಂಡು ಅಳಿವೆಯ ಎಲ್ಲ ಕವಲುಗಳಿಗೂ ಹೋದವು. ಚಿಮ್ಮುಚೀಲ ನೋವಿನಿಂದ ಕೂಗಬೇಕಿತ್ತು. ಅದು ನಗುತ್ತಿತ್ತು.

“ಇನ್ನೂ ಚಿಕ್ಕದಾಗಿ ಹರಿಯಿರಿ ರಾಯರೇ. ನಿಮ್ಮ ಉಪಕಾರ ಮರೆಯುವುದಿಲ್ಲ” ಎಂದಿತು.

ರಾಯರಿಗೆ ಅದು ಏಕೆ ನಗುತ್ತಿದೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಬಂಡೆಯ ಮೇಲ್ಗಡೆ ಬೋಳಾಗುವವರೆಗೂ ಹರಿದರು. ಕೆಳಮಗ್ಗುಲಿನಲ್ಲಿ, ಮರಿಗಳ ಮೇಲೆ ಇದ್ದದ್ದನ್ನು ಮುಟ್ಟಲಿಲ್ಲ. ಅದು ಮೇಲಿನಿಂದ ನೋಡುವವರಿಗೆ ಕಾಣುತ್ತಿರಲಿಲ್ಲ.

ದೊಡ್ಡಮ್ಮ ಬರಲೇ ಇಲ್ಲ. ತಿರುವಿನಲ್ಲೇ ಹೊಟ್ಟೆ ತುಂಬಿತಂತೆ, ಹಿಂತಿರುಗಿದಳು. ರಾಯರು ಒಂದು ಗಳಿಗೆ ಸುಧಾರಿಸಿಕೊಂಡರು. ಆಮೇಲೆ ಎತ್ತರದ ಬೇರಿಗೆ ಹತ್ತಿ ಭಾಷಣ ಮಾಡಿದರು.

“ಮಹಾಜನರೇ! ಒಂದು ಭಯಂಕರ ಪರದೇಶಿ ಪ್ರಾಣಿ ನಮ್ಮ ಅಳಿವೆಗೆ ನುಗ್ಗಿತ್ತು. ನಾನು ಒಬ್ಬನೇ ಹೋರಾಡಿ ಅದನ್ನು ಚೂರುಚೂರು ಮಾಡಿದ್ದೇನೆ!”

“ಮೊನ್ನೆ ಅದು ನಮ್ಮ ಹಳೇ ಸ್ಪಂಜು ಅಂದಿದ್ರಲ್ಲ?” ಎಂದಳು ನೀಲಕ್ಕ.

ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ವಾಗಳು ಚಪ್ಪಾಳೆ ಹೊಡೆಯುವುದರಲ್ಲಿ ಮುಳುಗಿದ್ದವು. ಈ ಸಲ ಅಳಿವೆಯ ವತಿಯಿಂದಲೇ ರಾಯರಿಗೆ ಸನ್ಮಾನವಾಗಬೇಕು ಎಂದು ತೀರ್ಮಾನವಾಯಿತು. ಶಾಲು ಎಲ್ಲಿಂದ ತರುವುದು? ಕಲ್ವಾಗಳ ಪಕ್ಕದಲ್ಲಿ ಒಂದು ಕಿತ್ತಳೆ ಚೂರು ಬಂದು ಬಿದ್ದಿತ್ತು. ಅದನ್ನೇ ಹೊದಿಸಿದವು. ಯಾವುದನ್ನು ಕೊಂದದ್ದಕ್ಕೆ ಸನ್ಮಾನವೋ ಅದನ್ನೇ ಹೊದಿಸುತ್ತಿದ್ದೇವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಅಳಿವೆಯ ಚಹರೆಯೇ ಬದಲಾಯಿತು. ಕಾಂಡ್ಲಾ ಬೇರುಗಳ ಮೇಲೆ ಕಿತ್ತಳೆ. ಮೀನು ಮೊಟ್ಟೆ ಇಡುವ ಕಲ್ಲುಗಳ ಮೇಲೆ ಕಿತ್ತಳೆ. ಬಿಟ್ಟುಹೋದ ಬಲೆಯ ಹಗ್ಗದಿಂದ ಕಿತ್ತಳೆ ಗೊಂಚಲುಗಳು ಜೋತಾಡುತ್ತಿದ್ದವು. ಚಂದ ಎಂದು ಹೊಗಳಿದ್ದ ಕಲ್ವಾಗಳಲ್ಲಿ ಅರ್ಧ ಜನ ಈಗ ಚಪ್ಪಾಳೆ ಹೊಡೆಯಲಾರದೆ ಬಾಯಿಗೆ ಬೀಗ ಹಾಕಿಸಿಕೊಂಡು ಕೂತಿದ್ದರು. ಬಂಡೆಯ ಕೆಳಗೆ ಮರಿಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ನೀಲಕ್ಕ ಪ್ರತಿ ಉಬ್ಬರದಲ್ಲೂ ಅವುಗಳನ್ನು ಕರೆಯುತ್ತಿದ್ದಳು. ಉತ್ತರ ಕೊಡುವ ದನಿಗಳು ಕಡಿಮೆಯಾಗುತ್ತ ಬಂದವು. ಅವಳು ಅಳುತ್ತಿದ್ದಳು. ಉಪ್ಪುನೀರಿನಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ.

ಇನ್ನು ರಾಯರ ವಿಷಯ. ಅವರ ಎರಡು ಶಾಲುಗಳೂ ಬೆಳೆದು ಒಂದಾಗಿದ್ದವು. ಮೊದಲು ಬೆನ್ನು ಮುಚ್ಚಿತು. ರಾಯರು, ಗೌರವ ಹೆಚ್ಚುತ್ತಿದೆ ಎಂದುಕೊಂಡರು. ಆಮೇಲೆ ಕೊಂಡಿಗಳು ಮುಚ್ಚಿದವು. ದೊಡ್ಡವರು ಕೈ ಆಡಿಸಿ ಕೆಲಸ ಮಾಡಬಾರದು ಎಂದುಕೊಂಡರು. ಒಂದು ಕಣ್ಣು ಮುಚ್ಚಿತು. ಮಾಡುವ ಕಾವಲಿಗೆ ಇನ್ನೊಂದೇ ಹೆಚ್ಚು ಎಂದುಕೊಂಡರೋ ಏನೋ.

ಅಷ್ಟರಲ್ಲಿ ಅವರು ಪೊರೆ ಬಿಡುವ ಕಾಲ ಬಂತು. ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪನ್ನು ಬೆನ್ನ ಹಿಂದೆ ಬಿರಿಯಿಸಿ ಹೊರಗೆ ಬರಬೇಕು. ಬರದಿದ್ದರೆ ಒಳಗೇ ಉಸಿರುಕಟ್ಟಿ ಸಾಯುತ್ತದೆ. ರಾಯರು ಮೈ ಬಿಗಿಹಿಡಿದು ದಬ್ಬಿದರು. ಚಿಪ್ಪು ಬಿರಿಯುವ ಜಾಗದ ಮೇಲೆಯೇ ಶಾಲು ಗಟ್ಟಿಯಾಗಿ ಕೂತಿತ್ತು. ಮತ್ತೆ ದಬ್ಬಿದರು. ಆಗಲಿಲ್ಲ.

“ಏ, ಸ್ವಲ್ಪ ಸರಿ” ಎಂದರು.

“ಎಲ್ಲಿಗೆ ಸರಿಯೋಣ ರಾಯರೇ? ನಮಗೆ ಬಾಲವೂ ಇಲ್ಲ, ಮಿದುಳೂ ಇಲ್ಲ” ಎಂದಿತು ಶಾಲು. “ನಿಮ್ಮ ಪಾಡಿಗೆ ನೀವಿರಿ, ನಮ್ಮ ಪಾಡಿಗೆ ನಾವು.”

ಹಾಗೆನ್ನುತ್ತಲೇ ಇನ್ನೊಂದು ಕಣ್ಣಿನ ಮೇಲೆ ಹರಡಿತು. ಆಮೇಲೆ ಬಾಯಿಯ ಮೇಲೆ. ರಾಯರು ಬೇರಿನಿಂದ ಉರುಳಿ ನೀಲಕ್ಕನ ಬಂಡೆಯ ಬುಡದಲ್ಲಿ ದೊಪ್ಪನೆ ಬಿದ್ದರು.

ಶಬ್ದ ಕೇಳಿ ಟಿಟ್ಟಿಭ ಹಾರಿ ಬಂದ. ರಾಯರನ್ನು ನೋಡಿ ಕಕ್ಕಾಬಿಕ್ಕಿಯಾದ.

“ರಾಯರೇ! ಎಂಥ ಅವಸ್ಥೆ ಇದು! ದೊಡ್ಡಮ್ಮನನ್ನು ಕೂಗಲಾ?”

“ಮ್ಮ್” ಎಂದರು ರಾಯರು.

“ಅಪ್ಪಣೆ ಕೊಟ್ಟ ಹಾಗಾ?”

“ಮ್ಮ್! ಮ್ಮ್!”

“ಸರಿಯಾಗಿ ಹೇಳಿ ರಾಯರೇ. ನಿಮ್ಮ ಬಾಯಿಂದ ಅಪ್ಪಣೆ ಬರದೆ ಕೂಗಬಾರದು ಅಂತ ನೀವೇ ಸಾರಿದ್ದಲ್ವಾ? ನಾನು ನಿಯಮ ಮೀರುವವನಲ್ಲ.”

ರಾಯರು ಕಾಲು ಬಡಿದರು. ಟಿಟ್ಟಿಭ ಗಂಟಲು ರೆಡಿ ಮಾಡಿಕೊಂಡು, ವಿನಯದಿಂದ ತಲೆ ಬಗ್ಗಿಸಿಕೊಂಡು ಕಾದ. ಅಪ್ಪಣೆ ಬರಲಿಲ್ಲ. ತಮ್ಮ ಅಪ್ಪಣೆಯೇ ತಮ್ಮ ಕುತ್ತಿಗೆಗೆ ಬಂತು ಎಂದು ರಾಯರಿಗೆ ಆಗ ತಿಳಿಯಿತು. ತಿಳಿದು ಏನು ಪ್ರಯೋಜನ? ತಿಳಿದದ್ದನ್ನು ಹೇಳಲು ಬಾಯಿ ಇರಲಿಲ್ಲ.

ನೀಲಕ್ಕ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ರಾಯರು ಹಾಗೇ ಸಾಯಲಿ ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತು. ಅನ್ನಿಸದೆ ಇರುತ್ತದೆಯೇ? ಆದರೆ ಬಂಡೆಯ ಕೆಳಗೆ ಇನ್ನೂ ಕೆಲವು ಮರಿಗಳು ಉತ್ತರ ಕೊಡುತ್ತಿದ್ದವು.

“ಟಿಟ್ಟಿಭ, ನೀನು ಯಾರ ಹತ್ತಿರ ಅಪ್ಪಣೆ ಕೇಳ್ತಿದ್ದೀ?” ಎಂದು ಕೇಳಿದಳು.

“ರಾಯರ ಹತ್ತಿರ.”

“ಇವರು ರಾಯರು ಅಂತ ಯಾರು ಹೇಳಿದ್ದು? ರಾಯರಿಗೆ ಎರಡು ಕಣ್ಣಿತ್ತು. ಇದಕ್ಕಿದೆಯಾ?”

ಟಿಟ್ಟಿಭ ನೋಡಿದ. “ಇಲ್ಲ.”

“ರಾಯರಿಗೆ ಕೊಂಡಿ ಇತ್ತು. ಇದಕ್ಕೆ ಕಾಣ್ತದಾ?”

“ಇಲ್ಲ.”

“ಕೊಕ್ಕಿನಿಂದ ಮೆಲ್ಲಗೆ ಒತ್ತಿ ನೋಡು. ಹರೀಬೇಡ, ಒತ್ತು ಅಷ್ಟೆ.”

ಟಿಟ್ಟಿಭ ಒತ್ತಿದ. ಪಿಚಕ್ ಎಂದು ನೀರು ಚಿಮ್ಮಿ ಅವನ ಮುಖಕ್ಕೆ ಹೊಡೆಯಿತು.

“ಹೇಳು ಈಗ. ನುಣುಪು ಮೈ, ಮೈತುಂಬ ತೂತು, ಒತ್ತಿದ್ರೆ ನೀರು. ಇಂಥ ಏಡಿ ನಮ್ಮ ಅಳಿವೆಯಲ್ಲಿ ಎಂದಾದ್ರೂ ಇತ್ತಾ?”

“ಇಲ್ಲವೇ ಇಲ್ಲ!” ಎಂದ ಟಿಟ್ಟಿಭ. ಅವನ ಮುಖ ಗಂಭೀರವಾಯಿತು. “ಹಾಗಾದರೆ ಇದು ಹೊಸ ಜೀವಿ. ರಾಯರು ಎಲ್ಲಿ?”

“ಇಲ್ಲ. ಕಾವಲಿನ ಜಾಗ ಖಾಲಿ ಇದೆ. ಖಾಲಿ ಜಾಗಕ್ಕೆ ಅಪ್ಪಣೆ ಕೊಡೋ ಬಾಯಿ ಎಲ್ಲಿಂದ ಬರ್ಬೇಕು?”

ಟಿಟ್ಟಿಭ ಯೋಚಿಸಿದ. ಇಷ್ಟು ದಿನ ಯೋಚನೆ ಮಾಡದಿದ್ದವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ರೆಕ್ಕೆ ಬಡಿದು ಮೇಲೆದ್ದ. ಕೂಗುತ್ತ, ಕೂಗುತ್ತ, ಹೊಳೆಯ ಮೇಲೆ ಹಾರಿದ. ಕೂಡಿಟ್ಟ ಕೂಗನ್ನೆಲ್ಲ ಒಟ್ಟಿಗೆ ಕೂಗಿದ.

ನೀರುನಾಯಿ ದೊಡ್ಡಮ್ಮ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಇಳಿದು ಬಂದಳು. ಅಳಿವೆಯನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಅಂಗೈಯಷ್ಟಿದ್ದಾಗ ಕರೆದಿದ್ದರೆ ಒಂದು ಇಳಿತದ ಕೆಲಸ. ಈಗ ನೋಡಿ! ಇಷ್ಟು ದಿನ ಎಂಥ ಮಾಡ್ತಿದ್ದಿರಿ ನೀವೆಲ್ಲ?”

ಬಾಯಿ ತೆರೆಯಲು ಆಗುತ್ತಿದ್ದ ಕಲ್ವಾಗಳು ಕೂಡ ಬಾಯಿ ಮುಚ್ಚಿಕೊಂಡವು.

“ಯಾರೂ ಇದನ್ನು ಹರಿಯಬೇಡಿ, ನೀರಿಗೆ ಎಸೆಯಬೇಡಿ” ಎಂದಳು ದೊಡ್ಡಮ್ಮ. “ಎಲ್ಲಿ ಕಂಡಿತೋ ಅಲ್ಲಿಂದ ಕೂಗಿ. ನಾವು ಬರ್ತೇವೆ.”

ನೀರುನಾಯಿಗಳು ಚಿಮ್ಮುಚೀಲದ ಅಂಚಿಗೆ ಬೆರಳು ತೂರಿಸಿ, ಒಂದು ಚೂರೂ ಉದುರದ ಹಾಗೆ ಇಡಿಯಾಗಿ ಎಬ್ಬಿಸಿದವು. ಎಬ್ಬಿಸಿದ್ದನ್ನು ಉಬ್ಬರದ ನೀರು ಮುಟ್ಟದ ಎತ್ತರದ ಕರಿಬಂಡೆಗೆ ಹೊತ್ತೊಯ್ದು ಬಿಸಿಲಿಗೆ ಹಾಕಿದವು. ಇಳಿತವಾದಾಗಲೆಲ್ಲ ಇದೇ ಕೆಲಸ ನಡೆಯಿತು. ಅಳಿವೆಯ ಮೂಲೆಮೂಲೆಯಿಂದ ‘ಇಲ್ಲೊಂದಿದೆ, ಇಲ್ಲೊಂದಿದೆ’ ಎಂಬ ಕೂಗು ಬರುತ್ತಿತ್ತು.

ಕರಿಬಂಡೆಯ ಮೇಲೆ ಚಿಮ್ಮುಚೀಲ ಬಾಡಿ, ಸುಕ್ಕುಗಟ್ಟಿ, ಕಪ್ಪಾಯಿತು. ಆಗಲೂ ಅದರ ಮಾತು ಮಾತ್ರ ಸಿಹಿಯಾಗಿಯೇ ಇತ್ತು.

“ದೊಡ್ಡಮ್ಮಾ, ನಿಮ್ಮಂಥ ದಯಾವಂತರನ್ನು ನಾವು ಏಳು ಕಡಲಿನಲ್ಲೂ ಕಂಡಿಲ್ಲ. ಒಂದೇ ಒಂದು ಚೂರನ್ನು ನೀರಿಗೆ ಬಿಡಿ. ಉಗುರಿನಷ್ಟು ಸಾಕು. ನಿಮಗೂ ಒಂದು ಶಾಲು...”

“ನನ್ನ ಮೈಮೇಲೆ ಕೂದಲಿದೆ, ಶಾಲು ಬೇಡ” ಎಂದಳು ದೊಡ್ಡಮ್ಮ. ಅದರ ಪಕ್ಕದಲ್ಲೇ ಕೂತು ಮೈ ಒಣಗಿಸಿಕೊಂಡಳು. ಅದು ಪೂರ್ತಿ ಒಣಗಿ ಪುಡಿಯಾಗುವವರೆಗೂ ಅಲ್ಲಿಂದ ಏಳಲಿಲ್ಲ.

ಮೊದಲ ಇಳಿತದಲ್ಲೇ ನೀಲಕ್ಕನ ಬಂಡೆಯ ಕೆಳಮಗ್ಗುಲನ್ನು ತೆರೆದಾಗ ಹೆಚ್ಚಿನ ಮರಿಗಳು ಬರೀ ಚಿಪ್ಪಾಗಿದ್ದವು. ಕೆಲವು ಮಾತ್ರ ಬಾಯಿ ಬಿಟ್ಟು ನೀರು ಹೀರಿದವು. ನೀಲಕ್ಕ ಬದುಕಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಳು. ಹೋದವರ ಹೆಸರನ್ನೂ ಕರೆದಳು. ಆಗ ಅಳಿವೆಯಲ್ಲಿ ಯಾರಿಗೂ ತಲೆ ಎತ್ತಲು ಆಗಲಿಲ್ಲ.

ಅದೇ ಇಳಿತದ ಕೊನೆಯಲ್ಲಿ ದೊಡ್ಡಮ್ಮ ಬಂಡೆಯ ಬುಡದಲ್ಲಿದ್ದ ಕಿತ್ತಳೆ ಉಂಡೆಯನ್ನು ಎತ್ತಿಕೊಂಡಳು. ಶಾಲನ್ನು ಜೋಪಾನವಾಗಿ ಸುಲಿದಳು. ಅದರೊಂದಿಗೆ ಹಳೇ ಚಿಪ್ಪೂ ಬಿರಿಯಿತು. ಒಳಗಿಂದ ರಾಯರು ಹೊರಬಂದರು. ಆಗತಾನೇ ಪೊರೆ ಬಿಟ್ಟ ಏಡಿಯ ಮೈ ಬೆಣ್ಣೆಯಷ್ಟು ಮೆತ್ತಗೆ. ಕೊಂಡಿಗಳೂ ಮೆತ್ತಗೆ, ಎತ್ತಲು ಹೋದರೆ ಜೋತುಬೀಳುತ್ತಿದ್ದವು. ಇಡೀ ಅಳಿವೆಯ ಎದುರು, ಬೆತ್ತಲೆಯಾಗಿ, ನೀರುನಾಯಿಯ ಅಂಗೈಯಲ್ಲಿ ರಾಯರು ಗಡಗಡ ನಡುಗುತ್ತಿದ್ದರು.

“ಕಟ್ಟಳೆ ದೊಡ್ಡಮ್ಮಾ, ಕಟ್ಟಳೆ! ಕರೆಸಿಕೊಂಡು ಬಂದಾಗ ತಿನ್ನುವ ಹಾಗಿಲ್ಲ!” ಎಂದು ಅರಚಿದರು. ಬಾಯಿ ಬಂದ ಕೂಡಲೇ ಕಟ್ಟಳೆ ನೆನಪಾಯಿತು ನೋಡಿ.

ದೊಡ್ಡಮ್ಮ ಮೂಗಿನ ಹತ್ತಿರ ಹಿಡಿದು ಮೂಸಿದಳು. ಮುಖ ಸಿಂಡರಿಸಿದಳು.

“ಕಟ್ಟಳೆ ಇಲ್ಲದಿದ್ದರೂ ಇದನ್ನು ನಾನು ತಿನ್ನುತ್ತಿರಲಿಲ್ಲ” ಎಂದಳು. ಕೆಸರಿಗೆ ಇಳಿಸಿ, ನೀರಿನಲ್ಲಿ ಎರಡೂ ಕೈ ತೊಳೆದುಕೊಂಡಳು.

ಅಂದಿನಿಂದ ಅಳಿವೆಯಲ್ಲಿ ಅಪ್ಪಣೆ ಕೊಡುವವರು ಯಾರೂ ಇಲ್ಲ. ಹೊಸದನ್ನು ಕಂಡವರು ನೇರವಾಗಿ ಟಿಟ್ಟಿಭನಿಗೆ ಹೇಳುತ್ತಾರೆ, ಅವನು ಕೂಡಲೇ ಕೂಗುತ್ತಾನೆ. ಕೆಲವು ಸಲ ಅದು ಬರೀ ಸ್ಪಂಜೇ ಆಗಿರುತ್ತದೆ. ದೊಡ್ಡಮ್ಮ ಬಂದು, ನೋಡಿ, ಬೈಯದೆ ಹಿಂತಿರುಗುತ್ತಾಳೆ.

ಇಕ್ಕಳ ಕೆಸರಿನ ಬಿಲದಲ್ಲಿ ಚಿಪ್ಪು ಗಟ್ಟಿಯಾಗುವುದನ್ನು ಕಾಯುತ್ತ ಕೂತ. ಹೌದು, ಇಕ್ಕಳ. ರಾಯ ಎಂಬುದು ಹಳೇ ಚಿಪ್ಪಿನೊಂದಿಗೇ ಹೋಯಿತು. ಒಂದು ಬೆಳಿಗ್ಗೆ ತಣ್ಣನೆ ಗಾಳಿ ಬೀಸಿತು. ಬದುಕುಳಿದ ಕಲ್ವಾ ಒಬ್ಬಳು ಬಿಲದ ಕಡೆ ನೋಡಿ, “ಪಾಪ, ಚಳಿಯಾಗ್ತದೋ ಏನೋ. ಒಂದು ಶಾಲಾದರೂ...” ಎಂದಳು.

ನೀಲಕ್ಕ ಅವಳ ಕಡೆ ತಿರುಗಿ ಒಂದು ಸಲ ನೋಡಿದಳು. ಕಲ್ವಾ ಬಾಯಿ ಮುಚ್ಚಿದಳು.

ನೀತಿ: ಹೊರಗಿನಿಂದ ಬಂದ ಕೇಡನ್ನು ಅಂಗೈಯಷ್ಟಿರುವಾಗಲೇ ಗುರುತಿಸಿ, ತಿಳಿದವರಿಗೆ ಕೂಗಿ ಹೇಳಬೇಕು. ಹೆಸರು ಕೆಟ್ಟೀತೆಂದು ಅದನ್ನು ಮುಚ್ಚಿಟ್ಟವನನ್ನು ಕೊನೆಗೆ ಅದೇ ಕೇಡು ಮುಚ್ಚುತ್ತದೆ.